ಮೊದಲು ನಡಾವಳಿ, ಆಮೇಲೆ ವಿನಾಯಿತಿ



ಕಳೆದ ತಿಂಗಳ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ವರು ಮನೆಗೆ ಬಂದಿದ್ದರು. ಶಾಲು, ಹಣ್ಣಿನ ಬುಟ್ಟಿ, ಎಲ್ಲವನ್ನೂ ತಂದಿದ್ದರು. ಐದನೆಯವನು ಅಮೆರಿಕದ ನ್ಯೂಜೆರ್ಸಿಯಿಂದ ಮೊಬೈಲಿನ ಪರದೆಯ ಮೇಲೆ ಕಾಣಿಸಿಕೊಂಡ. ಕುಶಲಪ್ರಶ್ನೆಗಳು ಮುಗಿದ ಮೇಲೆ ಒಬ್ಬ ಚೀಲದಿಂದ ಇಪ್ಪತ್ತೆರಡು ಪುಟಗಳ ಒಂದು ಕರಡನ್ನು ತೆಗೆದು ನನ್ನ ಮುಂದಿಟ್ಟ. ನನ್ನ ಹೆಸರಿನಲ್ಲಿ ಒಂದು ಪ್ರತಿಷ್ಠಾನ; ನಮ್ಮ ಹಳೆಯ ಪ್ರೌಢಶಾಲೆಯ ಬಡಮಕ್ಕಳಿಗೆ ವಿದ್ಯಾರ್ಥಿವೇತನ ಅದರ ಉದ್ದೇಶ. "ನೀವು ಒಪ್ಪಿ ಒಂದು ಸಹಿ ಹಾಕಿದರೆ ಸಾಕು ಸಾರ್. ಈ ತಿಂಗಳೇ ರಿಜಿಸ್ಟರ್ ಮಾಡಿಸಿ, 80ಜಿ ತೆಗೆದುಕೊಂಡುಬಿಡುತ್ತೇವೆ. ಅದು ಸಿಕ್ಕಿದರೆ ನಮ್ಮ ಬ್ಯಾಚಿನವರೆಲ್ಲ ಕೊಡುತ್ತಾರೆ" ಎಂದರು. ನಾನು ಸಹಿ ಹಾಕಲಿಲ್ಲ. ಓದಿ, ಉತ್ತರವನ್ನು ಬರೆದು ತಿಳಿಸುತ್ತೇನೆಂದು ಹೇಳಿ ಕಳುಹಿಸಿದೆ. ಮುಖ ಸಣ್ಣದು ಮಾಡಿಕೊಂಡು ಹೋದರು.

ಇದು ಆ ಉತ್ತರ. ಆ ಐವರಿಗೆ ಮಾತ್ರ ಪತ್ರ ಬರೆಯಬಹುದಾಗಿತ್ತು. ಆದರೆ ಈಚೆಗೆ ಹಳೆಯ ವಿದ್ಯಾರ್ಥಿಗಳು ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಒಂದು ಪ್ರತಿಷ್ಠಾನ ಹುಟ್ಟುತ್ತಿದೆ. ನಮ್ಮ ಬಂಧುವರ್ಗದಲ್ಲಿಯೇ ಇಂಥವು ಎರಡು ಇವೆ. ಆದ್ದರಿಂದ ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಕೆಲಸಕ್ಕಿಂತ ಮೊದಲು ನೋಂದಣಿಯನ್ನೂ, ಲೆಕ್ಕಕ್ಕಿಂತ ಮೊದಲು ತೆರಿಗೆ ವಿನಾಯಿತಿಯನ್ನೂ ಅರಸುವವರು ಸಂಸ್ಥೆಯನ್ನು ಕಟ್ಟುವುದಿಲ್ಲ, ಮುಂದೊಂದು ದಿನ ಯಾವುದೋ ಬಡಮಗುವಿನ ಹಣವನ್ನು ಬೀಗ ಹಾಕಿಡುವ ಪೆಟ್ಟಿಗೆಯೊಂದನ್ನು ಮಾಡುತ್ತಾರೆ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ನನ್ನ ತಪ್ಪಿನಿಂದ ಕಲಿತದ್ದು. ಆ ಕಥೆಯನ್ನು ಮುಂದೆ ಹೇಳುತ್ತೇನೆ. ಮೊದಲು ಕರಡಿನ ವಿಚಾರ.

ಮೇಷ್ಟ್ರ ಚಾಳಿ ಬಿಡುವುದಿಲ್ಲ. ಕೆಂಪು ಶಾಯಿಯ ಪೆನ್ನು ಹಿಡಿದೇ ಓದಿದೆ. ಏಳನೆಯ ಪುಟದಲ್ಲಿ "ಧರ್ಮಾದಾಯ ಆಯುಕ್ತರ ಪೂರ್ವಾನುಮತಿ ಪಡೆದು" ಎಂಬ ಮಾತು ಬಂತು. ಆ ಅಧಿಕಾರಿ ಮಹಾರಾಷ್ಟ್ರದಲ್ಲಿ, 1950ರ ಸಾರ್ವಜನಿಕ ನ್ಯಾಸಗಳ ಕಾಯಿದೆಯ ಅಡಿಯಲ್ಲಿ ಇರುವವರು. ನಮ್ಮ ಜಿಲ್ಲೆಯಲ್ಲಿ ಟ್ರಸ್ಟಿನ ಪತ್ರವನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ, ಜಮೀನಿನ ಕ್ರಯಪತ್ರವನ್ನು ಮಾಡಿಸುವ ಕಡೆಯಲ್ಲಿಯೇ, ನೋಂದಾಯಿಸುತ್ತಾರೆ. ಎಂದರೆ ಮಕ್ಕಳು ಮುಂಬಯಿ ಕಡೆಯ ಯಾವುದೋ ಟ್ರಸ್ಟಿನ ಪತ್ರವನ್ನು ನಕಲು ಮಾಡಿದ್ದಾರೆ. ಹತ್ತನೆಯ ತರಗತಿಯಲ್ಲಿ ಪಕ್ಕದವನ ಉತ್ತರಪತ್ರಿಕೆ ನೋಡಿ ಅವನ ನೋಂದಣಿ ಸಂಖ್ಯೆಯನ್ನೂ ಬರೆದುಕೊಂಡ ಹುಡುಗನ ನೆನಪಾಯಿತು!

ಉದ್ದೇಶಗಳನ್ನು ಎಣಿಸಿದೆ, ಮೂವತ್ತೊಂದು ಇದ್ದವು. ವಿದ್ಯಾರ್ಥಿವೇತನದ ಜೊತೆಗೆ ಗೋಶಾಲೆ, ವೃದ್ಧಾಶ್ರಮ, ಕಂಪ್ಯೂಟರ್ ತರಬೇತಿ, ಸಾಮೂಹಿಕ ವಿವಾಹ, ಕಲ್ಯಾಣಮಂಟಪ. "ಮುಂದೆ ಬೇಕಾದೀತು ಎಂದು ಸೇರಿಸಿದೆವು ಸಾರ್" ಎಂಬ ಉತ್ತರ ನನಗೆ ಗೊತ್ತು. ಆದರೆ ಕಾನೂನು ಧರ್ಮಕಾರ್ಯವೆಂದರೇನು ಎಂಬುದನ್ನು ವಿಂಗಡಿಸಿದೆ: ಬಡವರ ನೆರವು, ಶಿಕ್ಷಣ, ವೈದ್ಯಕೀಯ ನೆರವು, ಯೋಗ, ಪರಿಸರ ಹಾಗೂ ಸ್ಮಾರಕಗಳ ರಕ್ಷಣೆ, ಕೊನೆಯಲ್ಲಿ ಇತರ ಸಾರ್ವಜನಿಕ ಉಪಯುಕ್ತತೆ. ಈ ಕೊನೆಯ ವರ್ಗಕ್ಕೆ ಸೇರಿದ ಸಂಸ್ಥೆ ವ್ಯಾಪಾರದ ಸ್ವರೂಪದ ಕೆಲಸದಿಂದ ತನ್ನ ಒಟ್ಟು ಆದಾಯದ ಶೇಕಡಾ 20ಕ್ಕಿಂತ ಹೆಚ್ಚು ಗಳಿಸಿದರೆ ಆ ವರ್ಷದ ವಿನಾಯಿತಿಗೆ ಸಂಚಕಾರ. ಶಿಕ್ಷಣಸಂಸ್ಥೆಗಳ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2022ರ ಅಕ್ಟೋಬರಿನಲ್ಲಿ, ಶಿಕ್ಷಣಕ್ಕಾಗಿ 'ಮಾತ್ರ' ಎಂಬ ಮಾತಿಗೆ ಶಿಕ್ಷಣಕ್ಕಾಗಿ ಮಾತ್ರ ಎಂದೇ ಅರ್ಥ ಎಂದು ಕಟ್ಟುನಿಟ್ಟಾಗಿ ತೀರ್ಪಿತ್ತಿದೆ. ಕಲ್ಯಾಣಮಂಟಪವನ್ನು ಬಾಡಿಗೆಗೆ ಕೊಡುವ ಉದ್ದೇಶವನ್ನು ವಿದ್ಯಾರ್ಥಿವೇತನದ ಪಕ್ಕದಲ್ಲಿ ಕೂರಿಸುವವರು ಈ ತೀರ್ಪನ್ನು ಓದುವುದು ಲೇಸು.

ಹತ್ತೊಂಬತ್ತನೆಯ ಪುಟದಲ್ಲಿ ಇನ್ನೂ ದೊಡ್ಡ ತಪ್ಪು. "ಪ್ರತಿಷ್ಠಾನವನ್ನು ವಿಸರ್ಜಿಸಿದಲ್ಲಿ ಉಳಿದ ಆಸ್ತಿಯನ್ನು ಸ್ಥಾಪಕರಿಗೆ ಹಿಂದಿರುಗಿಸತಕ್ಕದ್ದು." ದುರುದ್ದೇಶದಿಂದ ಬರೆದದ್ದಲ್ಲವೆಂದು ನಾನು ಬಲ್ಲೆ. ಆದರೆ ಕೊಟ್ಟದ್ದು ಮರಳಿ ಬರುವುದಾದರೆ ಅದನ್ನು ದಾನವೆನ್ನುವುದು ಹೇಗೆ? ಸಂಸ್ಥೆ ಮುಚ್ಚಿದರೆ ಉಳಿದದ್ದು ಇಂಥದೇ ಉದ್ದೇಶದ ಬೇರೊಂದು ಸಂಸ್ಥೆಗೆ ಹೋಗತಕ್ಕದ್ದು, ಪತ್ರ ರದ್ದುಪಡಿಸಲಾಗದ್ದು ಎಂಬ ಮಾತುಗಳು ಇಲ್ಲದ ಕಾಗದವನ್ನು ತೆರಿಗೆಯ ಅಧಿಕಾರಿ ಹಿಂದಿರುಗಿಸಿದರೆ ಅವರದು ತಪ್ಪಲ್ಲ. ಇನ್ನು ಧರ್ಮದರ್ಶಿಗಳ ಪಟ್ಟಿ: ನಾಲ್ವರು ಗೆಳೆಯರು, ನಾಲ್ವರ ಪತ್ನಿಯರು. ಕಚೇರಿ ಒಬ್ಬ ಧರ್ಮದರ್ಶಿಯ ಮನೆಯ ಮೇಲಂತಸ್ತು, ಬಾಡಿಗೆ "ಮಾರುಕಟ್ಟೆಯ ದರದಂತೆ". ಸ್ಥಾಪಕರು, ಧರ್ಮದರ್ಶಿಗಳು, ದೊಡ್ಡ ದಾನಿಗಳು, ಇವರೆಲ್ಲರ ಸಂಬಂಧಿಕರು, ಯಾರಿಗೂ ಸಂಸ್ಥೆಯ ಹಣದಿಂದ ಅನುಚಿತ ಲಾಭ ಸಲ್ಲಕೂಡದೆಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಬಾಡಿಗೆ ನ್ಯಾಯವಾದದ್ದೆಂದು ಸಾಧಿಸುವ ಹೊರೆ ನಿಮ್ಮದಾಗುತ್ತದೆ. ಅಂಥ ಹೊರೆಯನ್ನು ಮೊದಲ ದಿನವೇ ಏಕೆ ಹೊರಬೇಕು?

ಇನ್ನೊಂದು ಮಾತನ್ನು ಬಂಧುಗಳು ಮುಖ್ಯವಾಗಿ ಕೇಳಬೇಕು. "ನಮ್ಮ ಜನದ ಮಕ್ಕಳಿಗೆ ಮೊದಲ ಆದ್ಯತೆ" ಎಂಬ ಸಾಲನ್ನು ಸೇರಿಸಿದರೆ ಹೇಗೆಂದು ಕಳೆದ ವಾರ ಒಬ್ಬರು ಸೂಚಿಸಿದರು. ಒಂದೇ ಮತಸಮುದಾಯದ ಅಥವಾ ಜಾತಿಯ ಹಿತಕ್ಕಾಗಿ 1962ರ ಏಪ್ರಿಲ್ 1ರ ಬಳಿಕ ಸ್ಥಾಪಿತವಾದ ಧರ್ಮಸಂಸ್ಥೆಗೆ ಆದಾಯ ತೆರಿಗೆಯ ವಿನಾಯಿತಿ ಸಲ್ಲದೆಂಬುದು 1961ರ ಕಾಯಿದೆಯಲ್ಲಿಯೇ ಬರೆದಿಟ್ಟ ಮಾತು. ಕಾನೂನು ಹಾಗೆ ಹೇಳದಿದ್ದರೂ ನನ್ನ ಹೆಸರು ಅಲ್ಲಿಗೆ ಬರುತ್ತಿರಲಿಲ್ಲ. ನನ್ನ ತರಗತಿಯಲ್ಲಿ ಹಾಜರಿ ಕೂಗುವಾಗ ಯಾರ ಜಾತಿಯನ್ನೂ ಕೂಗಿದವನಲ್ಲ ನಾನು.

ಇನ್ನು ನನ್ನ ಕಥೆ. ಇದನ್ನು ನಿಮ್ಮಲ್ಲಿ ಯಾರಿಗೂ ಹೇಳಿಲ್ಲ. ಮನೆಯಲ್ಲಿ ಬಲ್ಲವರು ಒಬ್ಬರೇ ಇದ್ದರು, ಅವರೂ ಈಗಿಲ್ಲ.

1989ರಲ್ಲಿ, ನಾನು ಮಲೆನಾಡಿನ ಅಂಚಿನ ಒಂದು ಊರಿನ ಪ್ರೌಢಶಾಲೆಯಲ್ಲಿದ್ದಾಗ, ಏಳು ಜನ ಸೇರಿ ಒಂದು ವಾಚನಾಲಯ ಸಂಘವನ್ನು ಕಟ್ಟಿದೆವು. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960ರ ಪ್ರಕಾರ ಸಂಘಕ್ಕೆ ಕನಿಷ್ಠ ಏಳು ಜನರು ಬೇಕು. ಏಳನೆಯವರಾಗಿ ಅಂಚೆಯಣ್ಣನನ್ನು ಒಪ್ಪಿಸಿದೆವು. ನಾನು ಕಾರ್ಯದರ್ಶಿ. ಮೊದಲ ನಾಲ್ಕು ವರ್ಷ ತಿಂಗಳ ಎರಡನೆಯ ಭಾನುವಾರ ಸಭೆ ತಪ್ಪಲಿಲ್ಲ. ಆಮೇಲೆ ಒಬ್ಬರಿಗೆ ವರ್ಗ, ಒಬ್ಬರಿಗೆ ಕಾಫಿ ಕುಯ್ಲು, ಒಬ್ಬರಿಗೆ ಬೇಸರ. ಸಭೆ ನಿಂತಿತು. ಆದರೆ ಲೆಕ್ಕಪರಿಶೋಧಕರು ನಡಾವಳಿ ಪುಸ್ತಕ ಕೇಳುತ್ತಿದ್ದರಲ್ಲ! ಒಂದು ಯುಗಾದಿಯ ಸಂಜೆ ಕುಳಿತು ನಡೆಯದೇ ಹೋದ ಆರು ಸಭೆಗಳ ನಡಾವಳಿಯನ್ನು ಒಟ್ಟಿಗೆ ಬರೆದೆ. ಒಂದೇ ದಿನ ಬರೆದದ್ದೆಂದು ಕಾಣದಿರಲೆಂದು ಎರಡು ಬಣ್ಣದ ಶಾಯಿ ಬಳಸಿದೆ. "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದು ಆರು ಸಲ ಬರೆದು, ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದೆ. ಅದೇ ವಾರ, ವಿಜ್ಞಾನದ ರೆಕಾರ್ಡ್ ಪುಸ್ತಕವನ್ನು ನಕಲು ಮಾಡಿದ್ದ ಹುಡುಗನೊಬ್ಬನನ್ನು ತರಗತಿಯ ಹೊರಗೆ ನಿಲ್ಲಿಸಿದ್ದೆ. ಆ ಹುಡುಗ ಇದನ್ನು ಓದುತ್ತಿದ್ದರೆ, ಕ್ಷಮಿಸು ಮಗೂ.

ಎರಡು ವರ್ಷಗಳಾದ ಮೇಲೆ ಸುಳ್ಳು ಬರೆಯುವುದೂ ನಿಂತಿತು. ವಾರ್ಷಿಕ ಸರ್ವಸದಸ್ಯರ ಸಭೆ ನಡೆಸಿ, ಅದಾದ ಹದಿನಾಲ್ಕು ದಿನಗಳೊಳಗೆ ಕಾರ್ಯಕಾರಿ ಸಮಿತಿಯ ಪಟ್ಟಿಯನ್ನೂ ಜಮಾಖರ್ಚಿನ ಪತ್ರಗಳನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕೆಂದು ಕಾಯಿದೆಯ 13ನೆಯ ಪ್ರಕರಣ ಹೇಳುತ್ತದೆ. ನಾವು ಕೊನೆಯದಾಗಿ ಸಲ್ಲಿಸಿದ್ದು 1995ರಲ್ಲಿ. ಆ ಬಳಿಕ ಅದು ಯಾರ ನೆನಪಿಗೂ ಬರಲಿಲ್ಲ.

2001ರಲ್ಲಿ ನಮ್ಮ ಶಾಲೆಯಲ್ಲಿ ಓದಿದ ಒಬ್ಬ ಹುಡುಗಿ ಪಿ.ಯು.ಸಿ. ಮುಗಿಸಿ ನರ್ಸಿಂಗ್ ತರಬೇತಿಗೆ ಆಯ್ಕೆಯಾದಳು. ಶುಲ್ಕಕ್ಕೆ, ಹಾಸ್ಟೆಲಿಗೆ ಸೇರಿ ಹದಿನಾಲ್ಕು ಸಾವಿರ ರೂಪಾಯಿ ಬೇಕಾಗಿತ್ತು. ಸಂಘದ ಠೇವಣಿ ಬಡ್ಡಿ ಸೇರಿ ನಲವತ್ತು ಸಾವಿರ ದಾಟಿತ್ತು. ನಾನು ಧೈರ್ಯವಾಗಿ, "ಸಂಘದಿಂದ ಕೊಡಿಸುತ್ತೇನೆ, ಹೆದರಬೇಡ" ಎಂದು ಅವಳ ತಂದೆಯ ಎದುರಿಗೇ ಮಾತು ಕೊಟ್ಟೆ. ಬ್ಯಾಂಕಿಗೆ ಹೋದರೆ ಖಾತೆಯ ಜಂಟಿ ಸಹಿದಾರರಾದ ಅಧ್ಯಕ್ಷರು ತೀರಿಕೊಂಡಿದ್ದರು, ಖಜಾಂಚಿ ರಾಯಚೂರಿಗೆ ವರ್ಗವಾಗಿ ಹೋಗಿದ್ದರು. ಹೊಸ ಸಮಿತಿಯ ಪಟ್ಟಿಯನ್ನು ನೋಂದಣಾಧಿಕಾರಿಯಿಂದ ದೃಢೀಕರಿಸಿ ತನ್ನಿ ಎಂದರು. ಆ ಕಚೇರಿಗೆ ಹೋದರೆ, ಬಾಕಿ ಇರುವ ಎಲ್ಲ ವರ್ಷಗಳ ಲೆಕ್ಕಪತ್ರ ಸಲ್ಲಿಸಿ, ದಂಡ ಕಟ್ಟಿ ಎಂದರು. ಎಲ್ಲಿಂದ ತರಲಿ? ಲೆಕ್ಕವೇ ಇರಲಿಲ್ಲ. ನನ್ನ ಕೈಯಿಂದ ನಾಲ್ಕು ಸಾವಿರ ಕೊಟ್ಟೆ. ಮಿಕ್ಕದ್ದು ಒದಗಲಿಲ್ಲ. ಕೊನೆಯ ದಿನಾಂಕ ಕಳೆಯಿತು. ಮರುವರ್ಷ ಆ ಹುಡುಗಿಯ ಮದುವೆಯಾಯಿತು.

ಬ್ಯಾಂಕಿನವರು ತಪ್ಪು ಮಾಡಲಿಲ್ಲ. ಕಚೇರಿಯ ಗುಮಾಸ್ತರೂ ಮಾಡಲಿಲ್ಲ. ಲಂಚ ಕೂಡ ಕೇಳಲಿಲ್ಲ, ಕೇಳಿದ್ದರೆ ಅವರ ಮೇಲೆ ಹಾಕಿ ನಾನು ನೆಮ್ಮದಿಯಿಂದ ಇರಬಹುದಿತ್ತು. ತಪ್ಪು ಮಾಡಿದವನು ಕಾರ್ಯದರ್ಶಿ. ಆ ಹೆಣ್ಣುಮಗಳು ನನಗೆ ಕೆಲವು ವರ್ಷಗಳ ಹಿಂದೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. "ಚೆನ್ನಾಗಿದ್ದೀರಾ ಸಾರ್?" ಎಂದು ಕೇಳಿ, ನನ್ನ ಚೀಲವನ್ನು ಬಸ್ಸಿನವರೆಗೆ ಹೊತ್ತು ತಂದಳು. ಇದಕ್ಕಿಂತ ಹೆಚ್ಚಿಗೆ ನಾನು ಬರೆಯಲಾರೆ.

ನೋಂದಣಿ ಎಂದರೆ ನಿಮಗೆ ಗೋಡೆಯ ಮೇಲೆ ತೂಗುಹಾಕುವ ಪ್ರಮಾಣಪತ್ರ. ನನಗೆ ಅದು ಪ್ರತಿವರ್ಷ ಪಾಲಿಸಬೇಕಾದ ವ್ರತ. ನಮ್ಮ ನಾಡಿಗೆ ಇದು ಹೊಸದೇನೂ ಅಲ್ಲ. ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ 1058ರ ಶಾಸನವೊಂದಿದೆ. ಅಲ್ಲಿಯ ಘಟಿಕಾಸ್ಥಾನಕ್ಕೆ ಕೊಟ್ಟ ದಾನದಲ್ಲಿ ಎಷ್ಟು ವಿದ್ಯಾರ್ಥಿಗಳು, ಎಷ್ಟು ಉಪಾಧ್ಯಾಯರು, ಪುಸ್ತಕ ಕಾಯುವ ಸರಸ್ವತೀಭಂಡಾರಿಗರು ಆರು ಮಂದಿ ಎಂಬುದನ್ನು ಲೆಕ್ಕವಿಟ್ಟು ಕಲ್ಲಿನಲ್ಲಿ ಕೊರೆದಿದ್ದಾರೆ. ನಮ್ಮ ದಾನಶಾಸನಗಳನ್ನು ನೋಡಿ: ಕೊಟ್ಟವರಾರು, ಯಾವ ಕೆಲಸಕ್ಕೆ, ಭೂಮಿಯ ಎಲ್ಲೆ ಯಾವುದು, ಸಾಕ್ಷಿಗಳಾರು, ಕೊನೆಗೆ ದಾನವನ್ನು ಕಸಿದವನಿಗೆ ಕ್ರಿಮಿಜನ್ಮದ ಶಾಪ. ಉದ್ದೇಶ, ಆಸ್ತಿ, ನಿರ್ವಾಹಕರು, ದುರುಪಯೋಗಕ್ಕೆ ಶಿಕ್ಷೆ ಎಂಬ ಇಂದಿನ ಟ್ರಸ್ಟ್ ಪತ್ರದ ಅಂಗಗಳೆಲ್ಲ ಅಲ್ಲಿವೆ. ಒಂದು ವ್ಯತ್ಯಾಸವೆಂದರೆ ಅವರು ಕೆಲಸ ನಡೆಸಲು ಬೇಕಾದುದನ್ನು ಮೊದಲು ಗೊತ್ತುಮಾಡಿ ಆಮೇಲೆ ಕಲ್ಲು ಕಡೆದರು. ನಾವು ಕಲ್ಲು ಕಡೆದು, ಏನು ಕೆಲಸವೆಂದು ಯೋಚಿಸುತ್ತೇವೆ.

ಇನ್ನು ಯಾವ ರೂಪ ಎಂಬ ಪ್ರಶ್ನೆ. ದಾರಿಗಳು ಮೂರು. ಒಂದು, ಏಳು ಅಥವಾ ಹೆಚ್ಚು ಜನ ಸೇರಿ ಮಾಡುವ ಸಂಘ. ಸಹಕಾರ ಇಲಾಖೆಗೆ ಸೇರಿದ ಜಿಲ್ಲಾ ಸಂಘಗಳ ನೋಂದಣಾಧಿಕಾರಿಯ ಬಳಿ ಜ್ಞಾಪನಪತ್ರ ಹಾಗೂ ಬೈಲಾಗಳನ್ನು ಸಲ್ಲಿಸಬೇಕು. ಸದಸ್ಯರಿಗೆ ಮತವಿದೆ, ಸಮಿತಿಯನ್ನು ಬದಲಾಯಿಸಬಹುದು. ಎರಡು, ಟ್ರಸ್ಟ್, ಇಲ್ಲಿ ಚುನಾವಣೆಯಿಲ್ಲ, ಧರ್ಮದರ್ಶಿಗಳೇ ನಿರ್ವಾಹಕರು. ಬೇಗ ಆಗುತ್ತದೆ, ಆದ್ದರಿಂದಲೇ ಎಲ್ಲರಿಗೂ ಪ್ರಿಯ. ಮೂರು, 2013ರ ಕಂಪನಿ ಕಾಯಿದೆಯ 8ನೆಯ ಪ್ರಕರಣದ ಲಾಭರಹಿತ ಕಂಪನಿ. 1956ರ ಕಾಯಿದೆಯಲ್ಲಿ ಇದೇ 25ನೆಯ ಪ್ರಕರಣವಾಗಿತ್ತು. ಇದರ ಶಿಸ್ತು ಹೆಚ್ಚು, ಖರ್ಚೂ ಹೆಚ್ಚು. ನನ್ನ ಮತ ಸಂಘಕ್ಕೆ. ಕಾರಣ ಇಷ್ಟೆ: ಹಳೆಯ ವಿದ್ಯಾರ್ಥಿಗಳು ನೂರಾರು ಜನ ಇರುವಾಗ ನಾಲ್ವರು ದಂಪತಿಗಳ ಕೈಯಲ್ಲಿ ಆಜೀವ ಅಧಿಕಾರ ಏಕಿರಬೇಕು? ಸಂಘದಲ್ಲಿ ಜಗಳವಾಗುತ್ತದೆ ಎನ್ನುತ್ತೀರಿ. ಆಗಲಿ. ಲೆಕ್ಕ ಕೇಳಿ ಜಗಳವಾಡುವ ಸದಸ್ಯನೊಬ್ಬ ನನ್ನ ವಾಚನಾಲಯದಲ್ಲಿ ಇದ್ದಿದ್ದರೆ ಆ ಹುಡುಗಿ ನರ್ಸ್ ಆಗುತ್ತಿದ್ದಳು.

ಈಗ ನೀವು ಬಯಸುವ ವಿನಾಯಿತಿಗೆ ಬರೋಣ. ನೋಂದಣಿ ಆದಕೂಡಲೇ ವಿನಾಯಿತಿ ತಾನಾಗಿ ಬರುತ್ತದೆಂದು ಹಲವರು ತಿಳಿದಿದ್ದಾರೆ. ಅವೆರಡೂ ಬೇರೆ. ಸಂಸ್ಥೆಯ ಆದಾಯಕ್ಕೆ ವಿನಾಯಿತಿ ಪಡೆಯಲು ಆದಾಯ ತೆರಿಗೆ ಇಲಾಖೆಯಲ್ಲಿ ಒಂದು ನೋಂದಣಿ. ದಾನಿಗೆ ರಿಯಾಯಿತಿ ಸಿಗಲು ಇನ್ನೊಂದು ಅನುಮೋದನೆ. ಜನರ ಬಾಯಲ್ಲಿ ಇವು 12ಎ ಮತ್ತು 80ಜಿ. 1961ರ ಕಾಯಿದೆಯ ಬದಲಿಗೆ ರಚಿತವಾದ 2025ರ ಕಾಯಿದೆಗೆ 2026ರ ಏಪ್ರಿಲ್ 1 ಜಾರಿಯ ದಿನ. ಅದರಲ್ಲಿ ಮೊದಲನೆಯದು 332ನೆಯ ಪ್ರಕರಣ, ದಾನಿಯ ರಿಯಾಯಿತಿ 133ನೆಯದು. ಸಂಖ್ಯೆ ಬದಲಾದರೂ ತಿರುಳು ಬದಲಾಗಿಲ್ಲ. ಹಿಂದೆ ಒಮ್ಮೆ ನೋಂದಣಿಯಾದರೆ ಆಜೀವ ಎಂಬಂತಿತ್ತು. 2021ರ ಏಪ್ರಿಲಿನಿಂದ ಆ ಕಾಲ ಹೋಯಿತು. ಹೊಸ ಸಂಸ್ಥೆಗೆ ಮೊದಲು ಮೂರು ವರ್ಷಗಳ ತಾತ್ಕಾಲಿಕ ನೋಂದಣಿ. ಆ ಅವಧಿ ಮುಗಿಯಲು ಆರು ತಿಂಗಳಿರುವ ಮೊದಲೇ, ಅಥವಾ ಕೆಲಸ ಆರಂಭವಾದ ಆರು ತಿಂಗಳೊಳಗೆ, ಇವೆರಡರಲ್ಲಿ ಯಾವುದು ಮೊದಲೋ ಆಗ ಮತ್ತೆ ಅರ್ಜಿ. ಆಗ ಅಧಿಕಾರಿ ಕೇಳುವುದು ಕೆಲಸದ ಪುರಾವೆಯನ್ನು. ಒಪ್ಪಿದರೆ ಐದು ವರ್ಷ. ವರಮಾನ ಐದು ಕೋಟಿಯೊಳಗಿನ ಸಂಸ್ಥೆಗಳಿಗೆ 2025ರ ತಿದ್ದುಪಡಿಯಿಂದ ಹತ್ತು ವರ್ಷ.

ಪಡೆದ ಮೇಲೂ ಕೆಲಸ ಮುಗಿಯಲಿಲ್ಲ. ವರ್ಷದ ಆದಾಯದಲ್ಲಿ ಶೇಕಡಾ 85ರಷ್ಟನ್ನಾದರೂ ಉದ್ದೇಶಕ್ಕೆ ವಿನಿಯೋಗಿಸಬೇಕು. ಉಳಿಸಿದ್ದನ್ನು ಕಾನೂನು ಹೇಳಿದ ಕಡೆಯಲ್ಲಿಯೇ ಇಡಬೇಕು. ಬ್ಯಾಂಕು, ಅಂಚೆ ಕಚೇರಿ ಸರಿ, ಧರ್ಮದರ್ಶಿಯ ಭಾವಮೈದುನನ ಚೀಟಿ ವ್ಯವಹಾರ ಸಲ್ಲದು. ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ಇಲಾಖೆಗೆ ಸಲ್ಲಿಸಿ ದಾನಿಗೆ ಪ್ರಮಾಣಪತ್ರ ಕೊಡುವ ಪದ್ಧತಿ 2021-22ರಿಂದ ಬಂದಿದೆ. ನೋಂದಣಿಯನ್ನು ನವೀಕರಿಸಲು ಮರೆತರೆ ಆಗುವುದೇನು ಗೊತ್ತೆ? ಸಂಸ್ಥೆ ಕೂಡಿಟ್ಟ ನಿವ್ವಳ ಆಸ್ತಿಯ ಬೆಲೆಯ ಮೇಲೆಯೇ ಗರಿಷ್ಠ ದರದಲ್ಲಿ ತೆರಿಗೆ ಬೀಳಬಹುದು. 2016ರಲ್ಲಿ ಬಂದ ಈ ನಿಯಮವನ್ನು 2023ರಲ್ಲಿ, ಸಕಾಲದಲ್ಲಿ ಅರ್ಜಿ ಹಾಕದವರಿಗೂ ವಿಸ್ತರಿಸಿದರು. ನನ್ನ ವಾಚನಾಲಯದಂಥ ಮರೆಗುಳಿ ಸಂಸ್ಥೆಯ ಕೈಗೆ ವಿನಾಯಿತಿ ಸಿಕ್ಕಿದ್ದರೆ ಠೇವಣಿಗೆ ಬೀಗ ಬೀಳುವುದಷ್ಟೇ ಅಲ್ಲ, ಅದರ ಒಂದು ಭಾಗವೂ ಹೋಗಬಹುದಿತ್ತು.

ಇಷ್ಟೆಲ್ಲ ಪಟ್ಟು ದಾನಿಗೆ ದೊರಕುವುದೆಷ್ಟು? ಲೆಕ್ಕ ಮಾಡೋಣ. ಒಬ್ಬ ಹತ್ತು ಸಾವಿರ ಕೊಟ್ಟನೆನ್ನಿ. ಅದರ ಅರ್ಧ, ಐದು ಸಾವಿರ, ಅವನ ಆದಾಯದಿಂದ ಕಳೆಯುತ್ತದೆ. ಅವನು ಶೇಕಡಾ 30ರ ದರದಲ್ಲಿ ತೆರಿಗೆ ಕಟ್ಟುವವನಾದರೆ ಉಳಿಯುವುದು 1,500, ಮೇಲುತೆರಿಗೆ ಸೇರಿ 1,560 ರೂಪಾಯಿ. ನಗದಾಗಿ ಎರಡು ಸಾವಿರಕ್ಕಿಂತ ಹೆಚ್ಚು ಕೊಟ್ಟಿದ್ದರೆ ಸೊನ್ನೆ. ಇದೂ ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವನಿಗೆ ಮಾತ್ರ. 2023-24ರಿಂದ ಆಯ್ಕೆ ಮಾಡದವರಿಗೆಲ್ಲ ತಾನಾಗಿ ಅನ್ವಯಿಸುವ ಹೊಸ ಪದ್ಧತಿಯಲ್ಲಿ 80ಜಿ ರಿಯಾಯಿತಿಯೇ ಇಲ್ಲ. ಅಂದು ಮನೆಗೆ ಬಂದ ನಾಲ್ವರನ್ನೂ ಆಮೇಲೆ ಫೋನಿನಲ್ಲಿ ವಿಚಾರಿಸಿದೆ: ಮೂವರು ಹೊಸ ಪದ್ಧತಿಯಲ್ಲಿದ್ದಾರೆ! ತಮಗೇ ಒಂದು ಕಾಸೂ ಸಿಗದ ಪ್ರಯೋಜನಕ್ಕಾಗಿ ಇಪ್ಪತ್ತೆರಡು ಪುಟ ನಕಲು ಮಾಡಿದ್ದರು.

"80ಜಿ ಇಲ್ಲದಿದ್ದರೆ ಯಾರೂ ಕೊಡುವುದಿಲ್ಲ ಸಾರ್" ಎಂಬ ಮಾತನ್ನು ನಾನು ನಂಬುವುದಿಲ್ಲ. ನೀವು ಓದುವಾಗ ಪ್ರವಾಸಕ್ಕೆ ಹಣವಿಲ್ಲದ ಸಹಪಾಠಿಗಾಗಿ ನಾಲ್ಕಾಣೆ, ಎಂಟಾಣೆ ಕೂಡಿಸಿದವರು ನೀವು. ಅಂದು ಯಾವ ಪ್ರಕರಣದ ರಿಯಾಯಿತಿ ಕೇಳಿದ್ದಿರಿ?

ಇನ್ನು ನ್ಯೂಜೆರ್ಸಿಯವನ ಮಾತು. "ನಾನು ಇಲ್ಲಿಯೇ ಒಂದು ಸಂಸ್ಥೆ ಮಾಡಿ, 501(ಸಿ)(3) ತೆಗೆದುಕೊಂಡು ಡಾಲರು ಕಳಿಸುತ್ತೇನೆ" ಎಂದ. ಮಗೂ, ಅಲ್ಲಿಯ ಕ್ರಮವನ್ನೂ ಓದಿ ನೋಡಿದೆ. ಮೊದಲು ರಾಜ್ಯದಲ್ಲಿ ಲಾಭರಹಿತ ನಿಗಮವಾಗಿ ನೋಂದಣಿ. ಅದರ ಸ್ಥಾಪನಾಪತ್ರದಲ್ಲಿ ಧರ್ಮಕಾರ್ಯದ ಉದ್ದೇಶ, ವಿಸರ್ಜನೆಯಾದರೆ ಆಸ್ತಿ ಇನ್ನೊಂದು ಧರ್ಮಕಾರ್ಯಕ್ಕೇ ಎಂಬ ಮಾತು ಇರಲೇಬೇಕು. ಆಮೇಲೆ ಬೈಲಾ, ಆಡಳಿತ ಮಂಡಲಿಯ ಸಭೆ, ನಡಾವಳಿ, ಸಂಸ್ಥೆಯ ಗುರುತಿನ ಸಂಖ್ಯೆ. ಅದಾದ ಮೇಲೆ ಒಕ್ಕೂಟ ಸರಕಾರದ ಕಂದಾಯ ಇಲಾಖೆಗೆ 1023 ಎಂಬ ಅರ್ಜಿ, ಶುಲ್ಕ 600 ಡಾಲರು. ವಾರ್ಷಿಕ ಸ್ವೀಕೃತಿ 50 ಸಾವಿರ ಡಾಲರು, ಆಸ್ತಿ ಎರಡೂವರೆ ಲಕ್ಷ ಡಾಲರು ಮೀರದ ಸಣ್ಣ ಸಂಸ್ಥೆಗಳಿಗೆ 2014ರಿಂದ ಚಿಕ್ಕ ಅರ್ಜಿ, ಶುಲ್ಕ 275. ಸ್ಥಾಪನೆಯಾದ ತಿಂಗಳ ಕೊನೆಯಿಂದ 27 ತಿಂಗಳೊಳಗೆ ಅರ್ಜಿ ಹಾಕಿದರೆ ಸ್ಥಾಪನೆಯ ದಿನದಿಂದಲೇ ವಿನಾಯಿತಿ. ಬಳಿಕ ಪ್ರತಿವರ್ಷ ವಿವರಣಪತ್ರ. ಸತತ ಮೂರು ವರ್ಷ ಸಲ್ಲಿಸದಿದ್ದರೆ 2006ರ ಕಾನೂನಿನಂತೆ ವಿನಾಯಿತಿ ತಾನಾಗಿ ರದ್ದು, ನೋಟೀಸಿಗೂ ಕಾಯಬೇಕಾಗಿಲ್ಲ. ಹೀಗೆ ಎರಡು ದೇಶಗಳ ಕಾನೂನೂ ಕೇಳುವುದು ಒಂದೇ ಪ್ರಶ್ನೆಗಳನ್ನು: ಹಣ ಯಾರದು, ಯಾರಿಗೆ ಹೋಗುತ್ತದೆ, ಲೆಕ್ಕ ಎಲ್ಲಿ?

ಅಲ್ಲಿ ಎಲ್ಲ ಸರಿಯಾದರೂ ಇಲ್ಲಿ ಇನ್ನೊಂದು ಬಾಗಿಲು ಇದೆ. ವಿದೇಶೀ ದೇಣಿಗೆ ನಿಯಂತ್ರಣ ಕಾಯಿದೆ, 2010. ನೀನು ಈಗ ಅಮೆರಿಕದ ಪೌರ. ಹುಟ್ಟಿದ್ದು ಇಲ್ಲಿ, ಕನ್ನಡ ಮಾತನಾಡುತ್ತೀ, ಸಾಗರೋತ್ತರ ಭಾರತೀಯನ ಕಾರ್ಡು ಇದೆ, ಎಲ್ಲ ನಿಜ; ಆದರೂ ನಿನ್ನ ಹಣ ಕಾನೂನಿನ ಕಣ್ಣಿಗೆ ವಿದೇಶೀ ದೇಣಿಗೆ. ನಿನ್ನ ಸಂಸ್ಥೆಯ ಹಣವೂ ಅದೇ. ನಿನ್ನ ಜೊತೆಯವನು, ದುಬೈಯಲ್ಲಿದ್ದೂ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವನು, ತನ್ನ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶೀ ದೇಣಿಗೆಯಲ್ಲ. ಆ ನೋಂದಣಿ ಬೇಕಾದರೆ ಸಂಸ್ಥೆಗೆ ಸಾಮಾನ್ಯವಾಗಿ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷಗಳಲ್ಲಿ ಮುಖ್ಯ ಕೆಲಸಕ್ಕೆ 15 ಲಕ್ಷ ಖರ್ಚಾಗಿರಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೆ. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತದ ಖರ್ಚು ಶೇಕಡಾ 20 ಮೀರುವಂತಿಲ್ಲ. ನಮ್ಮೂರಿನ ಹತ್ತು ಮಕ್ಕಳ ಶುಲ್ಕಕ್ಕೆ ಈ ಏಳು ಸುತ್ತಿನ ಕೋಟೆಯನ್ನು ದಾಟುವುದು ಬೇಡ. "ಗೆಳೆಯನ ಖಾತೆಗೆ ಹಾಕಿ, ಅವನಿಂದ ಕೊಡಿಸುತ್ತೇನೆ" ಎಂಬ ಅಡ್ಡದಾರಿಯನ್ನಂತೂ ಕನಸಿನಲ್ಲಿಯೂ ಎಣಿಸಬೇಡ. ಸಿಕ್ಕಿಬೀಳುವವನು ಆ ಗೆಳೆಯ.

ಹಾಗಾದರೆ ಏನನ್ನೂ ಮಾಡಬಾರದೆ? ಉತ್ಸಾಹಕ್ಕೆ ತಣ್ಣೀರೆರಚುವುದೇ ಮೇಷ್ಟ್ರ ಕೆಲಸವೆ? ಅಲ್ಲ. ನಿಮ್ಮ ವಾದದಲ್ಲಿಯೂ ಸತ್ಯವಿದೆ. ನೋಂದಣಿಯಿಲ್ಲದೆ ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯುವುದು ಕಷ್ಟ. ಒಬ್ಬನ ಸ್ವಂತ ಖಾತೆಗೆ ಎಲ್ಲರೂ ಹಣ ಹಾಕುವುದು ಅವನಿಗೂ ಒಳ್ಳೆಯದಲ್ಲ. ಕೆಲಸ ಆರಂಭಿಸದೆಯೂ ತಾತ್ಕಾಲಿಕ ನೋಂದಣಿ ಪಡೆಯಲು ಕಾನೂನೇ ಅವಕಾಶ ಕೊಟ್ಟಿದೆ. ಒಪ್ಪುತ್ತೇನೆ. ಆದರೂ ಒಂದು ವರ್ಷ ನನ್ನ ಮಾತು ಕೇಳಿ ನೋಡಿ.

ಈ ವರ್ಷ ಹಣ ಕೂಡಿಸಬೇಡಿ. ಶಾಲೆಯ ಮುಖ್ಯೋಪಾಧ್ಯಾಯರನ್ನೂ ಶಾಲಾಭಿವೃದ್ಧಿ ಸಮಿತಿಯವರನ್ನೂ ಕಂಡು, ನಿಜವಾಗಿ ನೆರವು ಬೇಕಾದ ಐದು ಮಕ್ಕಳನ್ನು ಗುರುತಿಸಿ. ಒಬ್ಬೊಬ್ಬರು ಒಂದೊಂದು ಮಗುವಿನ ಶುಲ್ಕವನ್ನು ನೇರವಾಗಿ ಕಾಲೇಜಿಗೇ ಕಟ್ಟಿ ರಶೀದಿ ಪಡೆಯಿರಿ. ಎರಡು ತಿಂಗಳಿಗೊಮ್ಮೆ ಕೂಡಿ. ಬಂದವರ ಹೆಸರು, ಬಾರದವರ ಹೆಸರು, ಆದ ಮಾತು, ಭಿನ್ನಾಭಿಪ್ರಾಯ, ಎಲ್ಲವನ್ನೂ ಅಂದೇ, ಆ ಸ್ಥಳದಲ್ಲಿಯೇ ಪುಸ್ತಕದಲ್ಲಿ ಬರೆದು ಸಹಿ ಹಾಕಿ. ಒಂದು ವರ್ಷದಲ್ಲಿ ಆರು ಸಭೆಗಳು ನಿಜವಾಗಿ ನಡೆದರೆ ನೀವು ಸಂಸ್ಥೆ ನಡೆಸಲು ಅರ್ಹರು. ಮೂರಕ್ಕೇ ನಿಂತರೆ ಯಾರಿಗೂ ನಷ್ಟವಿಲ್ಲ. ಮಕ್ಕಳ ಶುಲ್ಕ ಕಟ್ಟಿಯಾಗಿರುತ್ತದೆ, ಬ್ಯಾಂಕಿನಲ್ಲಿ ಕೊಳೆಯುವ ಠೇವಣಿ ಇರುವುದಿಲ್ಲ.

ಆರೂ ನಡೆದರೆ ಮರುವರ್ಷ ಸಂಘ ಕಟ್ಟಿ. ಉದ್ದೇಶ ಎರಡೇ ಸಾಲಿನಲ್ಲಿರಲಿ. ಬೈಲಾಗಳನ್ನು ನಕಲು ಮಾಡದೆ, ಒಟ್ಟಿಗೆ ಕುಳಿತು ಕನ್ನಡದಲ್ಲಿ ಬರೆಯಿರಿ; ತಿದ್ದಿಕೊಡಲು ನಾನಿದ್ದೇನೆ. ಒಂದೇ ಮನೆಯ ಇಬ್ಬರು ಸಮಿತಿಯಲ್ಲಿ ಬೇಡ. ಪದಾಧಿಕಾರಿಗಳಿಗೆ ಅವಧಿಯಿರಲಿ. ಸಹಿದಾರರು ಮೂವರಿದ್ದು ಯಾರಾದರೂ ಇಬ್ಬರ ಸಹಿ ಸಾಕು ಎಂದಿರಲಿ, ಒಬ್ಬರು ಸತ್ತರೆ ಖಾತೆ ಸಾಯಬಾರದು. ವಿಸರ್ಜನೆಯ ಮಾತನ್ನು ಮೊದಲು ಬರೆಯಿರಿ. ಸಂಘದ ಹೆಸರಿನಲ್ಲಿ ಪ್ಯಾನ್ ಪಡೆದು, ಖಾತೆ ತೆರೆದು, ರಶೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಹಾಕಿಸಿ. ಆಮೇಲೆ ಬೆಂಗಳೂರಿನ ವಿನಾಯಿತಿ ಆಯುಕ್ತರಿಗೆ ಅರ್ಜಿ ಹಾಕುವಾಗ ಅವರು ಕೇಳುವ ಕಾಗದಗಳೆಲ್ಲ ನಿಮ್ಮ ಕಪಾಟಿನಲ್ಲಿಯೇ ಇರುತ್ತವೆ. ಅದೇ ನಿಜವಾದ ಪೂರ್ವಸಿದ್ಧತೆ. ಅದಕ್ಕೆ ಯಾವ ಮಧ್ಯವರ್ತಿಗೂ ಹಣ ಕೊಡಬೇಕಾಗಿಲ್ಲ.

ಹೆಸರಿನ ವಿಚಾರದಲ್ಲಿ ಮಾತ್ರ ರಾಜಿಯಿಲ್ಲ. ನನ್ನ ಹೆಸರು ಬೇಡ. ನಡೆಯದ ಆರು ಸಭೆಗಳ ನಡಾವಳಿ ಬರೆದವನ ಹೆಸರನ್ನು ಹೊತ್ತ ಸಂಸ್ಥೆಗೆ ಲೆಕ್ಕದ ಶುದ್ಧಿಯನ್ನು ಬೋಧಿಸುವ ಅಧಿಕಾರ ಎಲ್ಲಿಂದ ಬರಬೇಕು? ಶಾಲೆಯ ಹೆಸರಿಡಿ, ಊರಿನ ಹೆಸರಿಡಿ.

ಮೊದಲ ಸಭೆ ನಮ್ಮ ಮನೆಯ ಜಗಲಿಯಲ್ಲಿಯೇ ಆಗಲಿ, ಬರುವ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಹತ್ತಕ್ಕೆ. ಶಾಲು, ಹಣ್ಣು ತರಬೇಡಿ. ಗಟ್ಟಿ ರಟ್ಟಿನ, ಇನ್ನೂರು ಪುಟಗಳ ಗೆರೆಹಾಕಿದ ಪುಸ್ತಕ ಒಂದನ್ನು ತನ್ನಿ. ಪುಟಗಳಿಗೆ ಸಂಖ್ಯೆ ನಾನು ಹಾಕುತ್ತೇನೆ. ಹತ್ತು ಗಂಟೆ ಎಂದರೆ ಹತ್ತೇ ಗಂಟೆ. ತಡವಾಗಿ ಬಂದವರ ಹೆಸರು ಮೊದಲ ಪುಟದಲ್ಲಿಯೇ ದಾಖಲಾಗುತ್ತದೆ.

ಶುಭಾಶೀರ್ವಾದಗಳೊಂದಿಗೆ,
ನಿಮ್ಮ ಮೇಷ್ಟ್ರು